ಹಳೆಯ ಡೋಜರಿನ ಕಾಲುಗಳು

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ಬೇಸಗೆಯಲ್ಲಿ ಓಡಾಡಿದವರಿಗೆ ಈ ನೋಟ ಹೊಸದಲ್ಲ: ಬಿರುಕುಬಿಟ್ಟ ಕೆರೆಯಂಗಳ, ಹೂಳೆತ್ತುವ ಯಂತ್ರಗಳು, ಗೋಡುಮಣ್ಣನ್ನು ಹೊಲಗಳಿಗೆ ಸಾಗಿಸುವ ಟ್ರಾಕ್ಟರುಗಳ ಸಾಲು. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ಮಧುಗಿರಿಯ ಕಡೆಯ ಇಂತಹ ಒಂದು ಕೆರೆಯಲ್ಲಿ ನನ್ನ ಬಂಧುಗಳೊಬ್ಬರ ಹಳೆಯ ಡೋಜರು ಕೆಟ್ಟು ನಿಂತಿತ್ತು. ಇಂಜಿನು ಸರಿಯಾಗಿಯೇ ಇತ್ತು, ಕೆಟ್ಟಿದ್ದುದು ಕಾಲು. ಯಂತ್ರವನ್ನು ತಿರುಗಿಸಿದಾಗಲೆಲ್ಲ ಚೈನು ಕಳಚಿಕೊಳ್ಳುತ್ತಿತ್ತು.

“ಒಂದು ಲಿಂಕ್ ತೆಗೆದುಬಿಡಿ ಸ್ವಾಮಿ, ಸರಿಹೋಗುತ್ತೆ” ಎಂದರು ಒಬ್ಬರು. “ಹೊಸ ಚೈನೇ ಹಾಕಿಸಿ” ಎಂದರು ಇನ್ನೊಬ್ಬರು. ಹೊಸ ಜೋಡಿಯ ಬೆಲೆಯನ್ನು ಕೇಳಿದ ಮೇಲೆ ನಮ್ಮ ಬಂಧುಗಳಿಗೆ ಯಂತ್ರವನ್ನೇ ಮಾರಿಬಿಡುವ ಯೋಚನೆ ಬಂದಿತ್ತು. ನಾನು ಮೆಕ್ಯಾನಿಕ್ಕನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೂ ಅಲ್ಲಿ ಬಗೆಹರಿಯಬೇಕಾಗಿದ್ದ ಪ್ರಶ್ನೆ ಅಳತೆಯದೇ ಆಗಿತ್ತು.

ಮೊದಲು ಡೋಜರಿಗೆ ಚಕ್ರದ ಬದಲು ಚೈನು ಏಕೆಂಬುದನ್ನು ನೋಡೋಣ. ಯಂತ್ರದ ತೂಕ ೨೦ ಟನ್ ಎಂದೂ, ಚೈನಿನ ಅಗಲ ೫೦ ಸೆಂ.ಮೀ., ಅದು ನೆಲವನ್ನು ಮುಟ್ಟುವ ಉದ್ದ ೨೭೦ ಸೆಂ.ಮೀ. ಎಂದೂ ಇಟ್ಟುಕೊಳ್ಳಿ. ಎರಡು ಚೈನುಗಳ ಒಟ್ಟು ವಿಸ್ತೀರ್ಣ ೨೭,೦೦೦ ಚದರ ಸೆಂ.ಮೀ.; ಒತ್ತಡ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋಗ್ರಾಂ ಸಹ ಇಲ್ಲ. ಅರವತ್ತು ಕಿಲೋಗ್ರಾಂ ತೂಕದ ಮನುಷ್ಯ ಒಂಟಿಕಾಲಿನಲ್ಲಿ ನಿಂತರೆ ಪಾದದಡಿಯ ಒತ್ತಡ ಇದರ ಅರ್ಧಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಸರಕು ತುಂಬಿದ ಲಾರಿಯ ಟೈರಿನ ಒತ್ತಡವಾದರೋ ಸುಮಾರು ೭ ಕಿಲೋಗ್ರಾಂ. ಲಾರಿ ಹೂತುಹೋಗುವ ಹೂಳಿನಲ್ಲಿ ಡೋಜರು ನಡೆದಾಡುವುದು ಇದರಿಂದಲೇ. ಅಮೆರಿಕದ ಬೆಂಜಮಿನ್ ಹೋಲ್ಟ್ ೧೯೦೪ರಲ್ಲಿ ತನ್ನ ಟ್ರಾಕ್ಟರಿನ ಹಿಂದಿನ ಚಕ್ರಗಳನ್ನು ತೆಗೆದು ಚೈನನ್ನು ಹಾಕಿದ್ದೂ ಕ್ಯಾಲಿಫೋರ್ನಿಯದ ಜೌಗುನೆಲದ ಕಾಟ ತಾಳಲಾರದೆ.

ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆಯುಂಟು. ಚಕ್ರಕ್ಕೆ ಇರುವುದು ಒಂದು ಅಚ್ಚು. ಚೈನಿಗೆ ಮೂವತ್ತು ನಾಲ್ವತ್ತು ಕೀಲುಗಳು. ಪ್ರತಿಯೊಂದು ಕೀಲಿನಲ್ಲಿಯೂ ಉಕ್ಕಿನ ಒಂದು ಪಿನ್ನು, ಅದರ ಸುತ್ತ ಕೊಳವೆಯಾಕಾರದ ಒಂದು ಬುಷ್ಷು. ಚೈನು ಹಲ್ಲುಚಕ್ರವನ್ನು, ಎಂದರೆ ಸ್ಪ್ರಾಕೆಟ್ಟನ್ನು ಬಳಸಿ ಬಾಗುವಾಗ ಟನ್ನುಗಟ್ಟಲೆ ಎಳೆತದಡಿಯಲ್ಲಿ ಪಿನ್ನು ಬುಷ್ಷಿನೊಳಗೆ ಉಜ್ಜಿಕೊಂಡು ತಿರುಗುತ್ತದೆ. ಅದರ ಸಂದಿಗೆ ನಮ್ಮ ಸೀಮೆಯ ಮಣ್ಣು ಸೇರಿದರೆ ಏನಾಗುವುದೆಂಬುದನ್ನು ಊಹಿಸಬಹುದು. ಇಲ್ಲಿನ ಗರಸು ಗ್ರಾನೈಟು ಮತ್ತು ನೈಸ್ ಶಿಲೆಗಳು ಶಿಥಿಲವಾಗಿ ಉಂಟಾದದ್ದು. ಅದರ ತುಂಬ ಬೆಣಚುಕಲ್ಲಿನ ಹರಳುಗಳು. ಮೋಸ್ ಕಾಠಿಣ್ಯಮಾನದಲ್ಲಿ ಬೆಣಚಿಗೆ ೭ ಅಂಕ. ಹದಗೊಳಿಸಿದ ಅರದ ಉಕ್ಕಿಗೆ ಆರೂವರೆಯ ಸುಮಾರು. ಕೆರೆಯೊಳಗಿನ ಅಂಟುಹೂಳಿಗಿಂತ ದಡದ ಮೇಲಣ ಗರಸೇ ಕೀಲುಗಳಿಗೆ ದೊಡ್ಡ ಶತ್ರು.

ಹೀಗೆ ಸವೆದ ಚೈನನ್ನು ‘ಜಗ್ಗಿದೆ’ ಎನ್ನುವುದು ವಾಡಿಕೆ. ವಾಸ್ತವವಾಗಿ ಉಕ್ಕು ಜಗ್ಗಿರುವುದಿಲ್ಲ. ಪಿನ್ನು ಒಂದು ಮಗ್ಗುಲಲ್ಲಿ, ಬುಷ್ಷಿನ ಒಳಮೈ ಅದಕ್ಕೆ ಎದುರಾದ ಮಗ್ಗುಲಲ್ಲಿ ಸವೆದು, ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಇರುವ ಅಂತರ, ಅಂದರೆ ಪಿಚ್ಚು, ಹೆಚ್ಚಿರುತ್ತದೆ. ಸ್ಪ್ರಾಕೆಟ್ಟಿನ ಹಲ್ಲುಗಳ ಅಂತರವಾದರೋ ಹಾಗೆಯೇ ಉಳಿದಿರುತ್ತದೆ. ಲೆಕ್ಕ ತಪ್ಪಿದ ಬುಷ್ಷುಗಳು ಹಲ್ಲಿನ ತುದಿಯತ್ತ ಏರತೊಡಗಿ, ಹಲ್ಲುಗಳನ್ನು ಗರಗಸದ ಹಲ್ಲಿನಂತೆ ಚೂಪಾಗಿಸುತ್ತವೆ. ಒಂದು ಲಿಂಕನ್ನು ತೆಗೆದರೆ ಚೈನಿನ ಒಟ್ಟು ಉದ್ದ ಕಡಿಮೆಯಾಗುವುದೇನೋ ನಿಜ. ಆದರೆ ಉಳಿದ ಲಿಂಕುಗಳ ಪಿಚ್ಚು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಚೂಪಾದ ಹಲ್ಲುಗಳ ಮೇಲೆ ಹೊಸ ಚೈನನ್ನು ಹಾಕುವುದೂ ಅಷ್ಟೇ ತಪ್ಪು: ಹಳೆಯ ಹಲ್ಲು ಹೊಸ ಬುಷ್ಷನ್ನು ಬೇಗನೆ ತಿಂದುಹಾಕುತ್ತದೆ.

ಪಿಚ್ಚನ್ನು ಅಳೆಯುವುದು ಹೇಗೆ? ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಒಂದು ತೂಗಾಟದ ಕಾಲವನ್ನು ತಿಳಿಯಲು ಇಪ್ಪತ್ತು ತೂಗಾಟಗಳ ಕಾಲವನ್ನಳೆದು ಭಾಗಿಸುತ್ತೇವಷ್ಟೆ. ಇಲ್ಲಿಯೂ ಅದೇ ಉಪಾಯ. ಹಲ್ಲಿಗೂ ಚೈನಿಗೂ ನಡುವೆ ಹಳೆಯ ಪಿನ್ನೊಂದನ್ನು ಸಿಕ್ಕಿಸಿ, ಯಂತ್ರವನ್ನು ಮೆಲ್ಲಗೆ ಹಿಂದಕ್ಕೆ ನಡೆಸಿದರೆ ಚೈನು ಬಿಗಿಯಾಗುತ್ತದೆ. ಆಗ ನಾಲ್ಕು ಲಿಂಕುಗಳ ಉದ್ದವನ್ನು ಒಟ್ಟಿಗೆ ಅಳೆಯಬೇಕು. ಹೊಸದಾಗಿದ್ದಾಗ ಪಿಚ್ಚು ೨೧೬ ಮಿ.ಮೀ. ಇದ್ದ ಚೈನಿನಲ್ಲಿ ಇದು ೮೬೪ ಮಿ.ಮೀ. ಬರಬೇಕು. ನಮ್ಮ ಯಂತ್ರದಲ್ಲಿ ೮೭೬ ಬಂದಿತು; ಅಂದರೆ ಕೀಲೊಂದಕ್ಕೆ ೩ ಮಿ.ಮೀ. ಸವೆತ. ಕೇಳುವುದಕ್ಕೆ ಅಲ್ಪ. ಆದರೆ ೩೯ ಲಿಂಕುಗಳ ಚೈನಿನಲ್ಲಿ ಒಟ್ಟು ೧೧೭ ಮಿ.ಮೀ. ಹೆಚ್ಚಾಯಿತು!

ಈ ಹಂತದಲ್ಲಿ ಒಂದು ಸೊಗಸಾದ ಪರಿಹಾರವುಂಟು. ಸವೆತವೆಲ್ಲ ಒಂದೇ ಮಗ್ಗುಲಲ್ಲಿರುವುದರಿಂದ, ಪಿನ್ನು ಬುಷ್ಷುಗಳನ್ನು ಪ್ರೆಸ್ಸಿನಲ್ಲಿ ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ, ಸವೆಯದ ಮೈಗಳು ಎದುರುಬದುರಾಗಿ ಪಿಚ್ಚು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಇದು ಒಂದೇ ಬಾರಿ ಸಾಧ್ಯ. ಅದೂ ಬುಷ್ಷಿನ ಗೋಡೆ ತೀರ ತೆಳುವಾಗಿ ಬಿರುಕುಬಿಡುವ ಮುನ್ನ. ಕೀಲಿನೊಳಗೆ ಎಣ್ಣೆ ತುಂಬಿ ಸೀಲು ಹಾಕಿದ ಚೈನುಗಳಲ್ಲಿ ಒಳಸವೆತ ಬಹಳ ಕಡಿಮೆ. ಅಲ್ಲಿ ಯಾವುದಾದರೂ ಕೀಲಿನ ಎಣ್ಣೆ ಸೋರಿಹೋಗಿದ್ದರೆ, ಕೆಲಸ ನಿಲ್ಲಿಸಿದ ಕೂಡಲೇ ಅಂಗೈಯನ್ನು ಹತ್ತಿರಕ್ಕೆ ಹಿಡಿದರೆ ಸಾಕು. ಆ ಒಂದು ಕೀಲು ಮಾತ್ರ ಕಾದಿರುತ್ತದೆ.

ಸವೆತವನ್ನು ತಡೆಯಲೆಂದು ಚೈನನ್ನು ಬಲವಾಗಿ ಬಿಗಿ ಮಾಡುವವರೂ ಇದ್ದಾರೆ. ಇದರ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಎರಡು ಆಧಾರಗಳ ನಡುವೆ ಜೋಲುವ ಸರಪಳಿಯ ಎಳೆತವು ಮೀಟರಿನ ತೂಕವನ್ನು ಅಂತರದ ವರ್ಗದಿಂದ ಗುಣಿಸಿ, ಜೋಲಿನ ಎಂಟರಷ್ಟರಿಂದ ಭಾಗಿಸಿದಷ್ಟು. ಮೀಟರಿಗೆ ೧೬೦ ಕಿಲೋಗ್ರಾಂ, ಅಂತರ ಒಂದೂವರೆ ಮೀಟರು, ಜೋಲು ೩ ಸೆಂ.ಮೀ. ಆದರೆ ಎಳೆತ ೧,೫೦೦ ಕಿಲೋಗ್ರಾಂ. ಜೋಲನ್ನು ಅರ್ಧಕ್ಕಿಳಿಸಿದರೆ ೩,೦೦೦. ಯಂತ್ರ ಒಂದು ಹಿಡಿ ಮಣ್ಣನ್ನೂ ನೂಕದೆ ಸುಮ್ಮನೆ ನಡೆದಾಡುವಾಗಲೂ ಕೀಲುಗಳು ಹೊರಬೇಕಾದ ಭಾರವಿದು. ಕೆರೆಯ ಹೂಳು ಹಲ್ಲುಗಳ ನಡುವೆ ಮೆತ್ತಿಕೊಂಡರಂತೂ ಚೈನು ತಾನಾಗಿಯೇ ಬಿಗಿಯುತ್ತದೆ. ಆದ್ದರಿಂದ ಬಿಗಿಯನ್ನು ಶೆಡ್ಡಿನಲ್ಲಲ್ಲ, ಕೆಲಸದ ನೆಲದಲ್ಲಿ, ಮೆತ್ತಿದ ಮಣ್ಣಿನೊಡನೆಯೇ ನೋಡಬೇಕು. ಸಂಜೆ ಆ ಮಣ್ಣನ್ನು ಕೆರೆದು ತೆಗೆಯಬೇಕು. ಬಿಗಿಯನ್ನು ಸಡಿಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಸಿಲಿಂಡರಿನೊಳಗಿನ ಗ್ರೀಸು ಭಾರಿ ಒತ್ತಡದಲ್ಲಿರುತ್ತದೆ. ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು. ಮುಖವನ್ನಾಗಲಿ ಕೈಯನ್ನಾಗಲಿ ಅದರ ನೇರಕ್ಕೆ ತರಬಾರದು. ಚಿಮ್ಮಿದ ಗ್ರೀಸು ಚರ್ಮವನ್ನು ತೂರಿ ಒಳಹೊಕ್ಕರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಿಡಿಭಾಗಗಳ ಮಾತು. ಕನ್ನಡನಾಡಿನವರ ಭಾಗ್ಯವೆಂದರೆ ಡೋಜರು ತಯಾರಾಗುವ ಊರು ನಮ್ಮಲ್ಲಿಯೇ ಇದೆ. ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ಕಾರ್ಖಾನೆಯಲ್ಲಿ ಜಪಾನಿನ ಕೊಮಾಟ್ಸು ಕಂಪನಿಯ ವಿನ್ಯಾಸದ ಡಿ-೮೦, ಡಿ-೧೫೫ ಯಂತ್ರಗಳನ್ನು ತಯಾರಿಸಿತು. ಎರಡರ ಮೂಲವೂ ಒಂದೇ ಆದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಹೊಂದುವ ಸಂಭವವುಂಟು. ಆದರೆ ‘ಡಿ-೮೦ರ ಚೈನು ಕೊಡಿ’ ಎಂದರೆ ಸಾಲದು. ಹೆಸರಿನ ಮುಂದಿರುವ ಶ್ರೇಣಿಯ ಅಂಕೆ, ಫಲಕದ ಮೇಲಿನ ಕ್ರಮಸಂಖ್ಯೆ ಎರಡೂ ಬೇಕು. ಫಲಕವನ್ನೂ ಪೂರ್ತಿ ನಂಬುವಂತಿಲ್ಲ. ನಾಲ್ಕು ಕೈ ಬದಲಾದ ಯಂತ್ರದಲ್ಲಿ ಹಿಂದಿನವರು ಏನೇನು ಜೋಡಿಸಿರುವರೋ ಯಾರು ಬಲ್ಲರು? ಪಿಚ್ಚು, ಬುಷ್ಷಿನ ಹೊರವ್ಯಾಸ, ಲಿಂಕಿನ ಎತ್ತರ, ಷೂಗಳ ಬೋಲ್ಟುರಂಧ್ರಗಳ ಅಂತರ ಇವುಗಳನ್ನು ಯಂತ್ರದಿಂದಲೇ ಅಳೆದು ಬರೆದುಕೊಂಡು ಹೋದವನು ಗುಜರಿಯ ರಾಶಿಯಲ್ಲಿಯೂ ತನ್ನ ಭಾಗವನ್ನು ಗುರುತಿಸಬಲ್ಲ.

ನಮ್ಮ ಬಂಧುಗಳು ಲಿಂಕನ್ನು ತೆಗೆಸಲಿಲ್ಲ, ಹೊಸ ಚೈನನ್ನೂ ಕೊಳ್ಳಲಿಲ್ಲ. ಪಿನ್ನು ಬುಷ್ಷುಗಳನ್ನು ತಿರುಗಿಸಿ ಹಾಕಿಸಿ, ಚೂಪಾಗಿದ್ದ ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಮಾತ್ರ ಬದಲಾಯಿಸಿದರು. ಮತ್ತೆ ಅಳೆದಾಗ ನಾಲ್ಕು ಲಿಂಕುಗಳಿಗೆ ೮೬೬ ಮಿ.ಮೀ. ಬಂದಿತು. ಮೇಸ್ತ್ರಿ ಆ ಅಂಕಿಯನ್ನೂ ತಾರೀಖನ್ನೂ ಸೀಟಿನ ಹಿಂದಿನ ತಗಡಿನ ಮೇಲೆ ಬಣ್ಣದಲ್ಲಿ ಬರೆದ. ಇಷ್ಟರಲ್ಲಿ ಹದಿನೆಂಟು ದಿನಗಳು ಕಳೆದಿದ್ದುವು. ಕೆರೆಯ ಕೋಡಿಯ ಕಡೆಯ ಮೂಲೆಯೊಂದನ್ನು ಬಿಟ್ಟು ಉಳಿದ ಹೂಳೆಲ್ಲ ಮಳೆಗೆ ಮುಂಚೆ ಹೊಲಗಳನ್ನು ಸೇರಿತು.