ತೊಗಲುಬೊಂಬೆಯ ಕಿಳ್ಳೇಕ್ಯಾತ

ಅನಿಮೇಷನ್ ಚಿತ್ರಗಳಲ್ಲಿ ನಾಯಕನ ಜೊತೆಗಾರನಾಗಿ ಬರುವ ಹಾಸ್ಯಪಾತ್ರಕ್ಕೆ ತೊಗಲುಬೊಂಬೆಯಾಟದಲ್ಲಿ ಹಳೆಯ ಬಂಧುವೊಬ್ಬನಿದ್ದಾನೆ: ಕಿಳ್ಳೇಕ್ಯಾತ. ಕನ್ನಡ, ತೆಲುಗು ಎರಡೂ ಬಳಕೆಯಲ್ಲಿರುವ ಅಗಳಿ, ಮಡಕಶಿರಾ ಗಡಿಸೀಮೆಯ ಸುತ್ತಣ ನಾಡುಗಳಲ್ಲಿ ಅವನ ಹೆಸರು ಚಿರಪರಿಚಿತ. ಅವನ ಜೋಡಿ ಬಂಗಾರಕ್ಕ. ತೆಲುಗು ಆಟದಲ್ಲಿ ಜುಟ್ಟುಪೋಲಿಗಾಡು ಇದೇ ಕೆಲಸ ಮಾಡುತ್ತಾನೆ.

ಹದಮಾಡಿದ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಕತ್ತರಿಸಿ, ಬಣ್ಣ ಹಚ್ಚಿ ಬೊಂಬೆ ಮಾಡುತ್ತಾರೆ. ರಾಮ, ಸೀತೆಯರಿಗೆ ಕಿರೀಟ, ಆಭರಣಗಳ ಕುಸುರಿ; ಕಿಳ್ಳೇಕ್ಯಾತನಿಗೆ ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು. ಪರದೆಯ ಮೇಲೆ ನೆರಳು ಬಿದ್ದೊಡನೆ ಯಾರೆಂದು ಗೊತ್ತಾಗಬೇಕು. ಅನಿಮೇಷನ್ ಕಲಾವಿದರು ಪಾತ್ರ ರೂಪಿಸುವಾಗ ಪಾಲಿಸುವ ನಿಯಮವೂ ಇದೇ.

ರಾಮಾಯಣದ ಮಾತು ಗಂಭೀರವಾದರೆ ಕಿಳ್ಳೇಕ್ಯಾತನದು ಊರ ಮಾತು. ಕಥೆಯ ನಡುವೆ ನುಗ್ಗಿ ಜಗಳವಾಡುತ್ತಾನೆ, ದೊಡ್ಡವರನ್ನು ಕೆಣಕುತ್ತಾನೆ. ರಾತ್ರಿಯಿಡೀ ಕುಳಿತ ಜನರ ನಿದ್ದೆ ಓಡಿಸುತ್ತಾನೆ. ಜನ ಅವನನ್ನು ಎಷ್ಟು ಮೆಚ್ಚಿದರೆಂದರೆ ಆಟವಾಡಿಸುವ ಸಮುದಾಯಕ್ಕೇ ಅವನ ಹೆಸರು ನಿಂತಿತು.

ಸಿನಿಮಾದಲ್ಲೂ ಸಣ್ಣ ಪಾತ್ರವೊಂದು ಹೀಗೆಯೇ ಜನರ ಮನಗೆದ್ದಿದೆ. ಕೊಲ್ಲೋಡಿಯ ‘ಪಿನೋಕಿಯೊ’ ಪುಸ್ತಕದಲ್ಲಿ ಸುತ್ತಿಗೆಯೇಟಿಗೆ ಬೇಗನೆ ಸಾಯುವ ಚಿಮ್ಮಂಡೆ, ಡಿಸ್ನಿಯ 1940ರ ಚಿತ್ರದಲ್ಲಿ ಜಿಮಿನಿ ಕ್ರಿಕೆಟ್ ಎಂಬ ಅಚ್ಚುಮೆಚ್ಚಿನ ಸಂಗಾತಿಯಾಯಿತು.

ಬೊಂಬೆಕಲೆ ಇಂದಿಗೂ ಜೀವಂತವಾಗಿದೆ. ಧರ್ಮವರಂ ಬಳಿಯ ನಿಮ್ಮಲಕುಂಟದ ದಳವಾಯಿ ಚಲಪತಿರಾವ್ 2020ರಲ್ಲಿ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ 2025ರಲ್ಲಿ ಪದ್ಮಶ್ರೀ ಪಡೆದರು.