ಚಲಿಸುವ ಬರಹಕ್ಕೆ ಗಣಿತದ ಸೂತ್ರ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರ—ಕೊಡಗಿನ ಈ ಐದು ತಾಲ್ಲೂಕುಗಳ ಹೆಸರುಗಳು ಮಳೆಗಾಲ ಬಂತೆಂದರೆ ದೂರದರ್ಶನದ ತೆರೆಯ ಮೇಲೂ ಮೊಬೈಲಿನ ಮೇಲೂ ಮತ್ತೆ ಮತ್ತೆ ಮೂಡುತ್ತವೆ. ಹವಾಮಾನ ಇಲಾಖೆಯು ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಿಂದ ಎಚ್ಚರಿಕೆಯ ಮಟ್ಟವನ್ನು ಸೂಚಿಸುತ್ತದೆಯಷ್ಟೆ. ಆ ಬಣ್ಣದ ಪಟ್ಟಿಯೊಂದು ತೆರೆಯ ಕೆಳಭಾಗಕ್ಕೆ ಜಾರಿಬಂದು ನಿಲ್ಲುತ್ತದೆ; ಅದರೊಳಗೆ ಊರಿನ ಹೆಸರು. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಜೀವಗಳೂ ಮನೆತೋಟಗಳೂ ಹೋದ ಮೇಲೆ, ಪಟ್ಟಿಯಲ್ಲಿರುವ ಹೆಸರು ಯಾವುದೆಂಬುದು ಅಲ್ಲಿಯವರಿಗೆ ಬರಿಯ ಸುದ್ದಿಯಾಗಿ ಉಳಿದಿಲ್ಲ. ಹೆಸರು ಪಟ್ಟಿಗಿಂತ ಉದ್ದವಾಗಿ, ಮೊದಲ ಅಕ್ಷರಗಳು ಮರೆಯಾಗಿ, ‘ಪೇಟೆ’ ಎಂಬುದಷ್ಟೇ ಕಾಣಿಸಿತೆನ್ನಿ. ಐದರಲ್ಲಿ ಮೂರು ತಾಲ್ಲೂಕುಗಳಿಗೆ ಅದು ಸಲ್ಲುತ್ತದೆ!

ಇಂಥ ಪಟ್ಟಿಗಳನ್ನು ಗಣಕಯಂತ್ರದಲ್ಲಿ ರಚಿಸುವ ತಂತ್ರಾಂಶಗಳಲ್ಲಿ ಹೆಸರಾದುದು ‘ಆಫ್ಟರ್ ಎಫೆಕ್ಟ್ಸ್’. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಹುಟ್ಟಿ ೧೯೯೩ರಲ್ಲಿ ಬಳಕೆಗೆ ಬಂದ ಇದು ಈಗ ಅಡೋಬಿ ಸಂಸ್ಥೆಯದು. ಚಿತ್ರಕಾರನು ಪಟ್ಟಿಯನ್ನು ಕೈಯಿಂದಲೇ ಹಿಗ್ಗಿಸಿ ಕುಗ್ಗಿಸಬಹುದು, ನಿಜ. ಆದರೆ ಐದು ಹೆಸರು, ಮೂರು ಬಣ್ಣ ಎಂದರೆ ಹದಿನೈದು ಪಟ್ಟಿಗಳು. ಮಳೆಯ ಅಳತೆಯೋ ದಿನವೂ ಬದಲಾಗುವಂಥದು. ೨೦೦೧ರಲ್ಲಿ ಈ ತಂತ್ರಾಂಶಕ್ಕೆ ‘ಎಕ್ಸ್‌ಪ್ರೆಷನ್’ ಎಂಬ ಸೌಲಭ್ಯವನ್ನು ಸೇರಿಸಲಾಯಿತು. ಅದನ್ನು ನಾವು ಸೂತ್ರವೆಂದು ಕರೆಯೋಣ. ಅಗಲ, ಸ್ಥಾನ, ಗಾತ್ರ ಮೊದಲಾದ ಗುಣಗಳಿಗೆ ನಿಶ್ಚಿತವಾದ ಅಂಕಿಯನ್ನು ಕೊಡುವ ಬದಲು ಒಂದು ಲೆಕ್ಕವನ್ನೇ ಬರೆದಿಡುವುದು ಇದರ ಕ್ರಮ. ನಮ್ಮ ದೂರದರ್ಶನದಲ್ಲಿ ಸೆಕೆಂಡಿಗೆ ೨೫ ಚಿತ್ರಗಳು ಸಾಗುತ್ತವೆ. ಯಂತ್ರವು ಪ್ರತಿಯೊಂದು ಚಿತ್ರಕ್ಕೂ ಆ ಲೆಕ್ಕವನ್ನು ಹೊಸದಾಗಿ ಮಾಡುತ್ತದೆ.

ಪಟ್ಟಿಯ ಅಗಲವನ್ನು ಹೇಗೆ ಲೆಕ್ಕಹಾಕಬೇಕು? ಅಕ್ಷರಗಳನ್ನು ಎಣಿಸಿ ಗುಣಿಸಿದರಾಯಿತೆಂದು ವಾಚಕರಿಗೆ ಒಡನೆ ತೋರಬಹುದು. ಕನ್ನಡದಲ್ಲಿ ಅದು ಸಾಗದು. ‘ಯೂನಿಕೋಡ್’ ಸಂಕೇತಕ್ರಮದಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಹಲಂತಕ್ಕೊಂದು, ಅನುಸ್ವಾರಕ್ಕೊಂದು ಹೀಗೆ ಬೇರೆ ಬೇರೆ ಸಂಕೇತಗಳಿವೆ. ‘ಸೋಮವಾರಪೇಟೆ’ ಎಂಬುದರಲ್ಲಿ ನಮ್ಮ ಕಣ್ಣಿಗೆ ಆರು ಅಕ್ಷರ, ‘ಪೊನ್ನಂಪೇಟೆ’ಯಲ್ಲಿ ನಾಲ್ಕೇ. ಯಂತ್ರವನ್ನು ಕೇಳಿ ನೋಡಿದರೆ ಎರಡಕ್ಕೂ ೧೦ ಎನ್ನುತ್ತದೆ! ಅದರ ದೃಷ್ಟಿಯಲ್ಲಿ ‘ನ್ನಂ’ ಒಂದೇ ನಾಲ್ಕು ಸಂಕೇತಗಳ ಗುಂಪು.

ಆದುದರಿಂದ ಎಣಿಸುವುದನ್ನು ಬಿಟ್ಟು ಅಳೆಯಬೇಕು. ‘ಸೋರ್ಸ್ ರೆಕ್ಟ್ ಅಟ್ ಟೈಮ್’ ಎಂಬ ಆಜ್ಞೆಯು ಬರಹವನ್ನು ಸುತ್ತುವರಿಯುವ ಆಯತದ ಎಡಬದಿ, ಮೇಲ್ಬದಿ, ಅಗಲ, ಎತ್ತರ ಈ ನಾಲ್ಕನ್ನೂ ಹೇಳುತ್ತದೆ. ಆ ಅಗಲಕ್ಕೆ ಅಂಚಿನ ಎರಡರಷ್ಟನ್ನು ಕೂಡಿಸಿದರೆ ಪಟ್ಟಿಯ ಅಗಲ ದೊರೆಯಿತು. ಹೆಸರು ತೀರ ಉದ್ದವಾದಾಗ ಬರಹವನ್ನೇ ಕಿರಿದುಗೊಳಿಸಬೇಕಾಗುವುದು. ಪಟ್ಟಿಗೆ ೮೦೦ ಚುಕ್ಕಿಗಳಷ್ಟು ಸ್ಥಳವಿದೆ, ಎರಡು ಕಡೆಯೂ ೪೦ರ ಅಂಚು ಬೇಕು ಎಂದಿಟ್ಟುಕೊಳ್ಳೋಣ. ಬರಹಕ್ಕೆ ಉಳಿದದ್ದು ೭೨೦. ಹೆಸರಿನ ಅಗಲ ೯೦೦ ಆದರೆ ೭೨೦ನ್ನು ೯೦೦ರಿಂದ ಭಾಗಿಸಿ, ಬರಹವನ್ನು ಶೇಕಡ ೮೦ಕ್ಕೆ ಇಳಿಸಬೇಕು. ಚಿಕ್ಕ ಹೆಸರುಗಳು ವೃಥಾ ಹಿಗ್ಗದಂತೆ, ಈ ಫಲ ಮತ್ತು ೧೦೦ ಇವುಗಳಲ್ಲಿ ಕಿರಿದಾದುದನ್ನೇ ಆರಿಸೆಂದು ಸೂತ್ರಕ್ಕೆ ಹೇಳಿದರೆ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಯಂತ್ರ ಹೇಳುವ ೯೦೦ ಎಂಬುದು ಕುಗ್ಗಿಸುವುದಕ್ಕೆ ಮುಂಚಿನ ಅಳತೆ. ಪಟ್ಟಿಯ ಲೆಕ್ಕದಲ್ಲಿ ಅದನ್ನು ೦.೮ರಿಂದ ಗುಣಿಸಿ ಆಮೇಲೆ ೮೦ನ್ನು ಕೂಡಿಸತಕ್ಕದ್ದು. ಮರೆತರೆ ಬರಹ ಕುಗ್ಗಿದರೂ ಪಟ್ಟಿ ಕುಗ್ಗದು.

ಎತ್ತರದ ವಿಷಯ ಇನ್ನೂ ಸ್ವಾರಸ್ಯಕರವಾದುದು. ‘ಮಡಿಕೇರಿ’ಯಲ್ಲಿ ಒತ್ತಕ್ಷರವಿಲ್ಲ, ‘ಪೊನ್ನಂಪೇಟೆ’ಯಲ್ಲಿ ನಕಾರದ ಒತ್ತು ಕೆಳಗೆ ಇಳಿಬಿದ್ದಿದೆ. ಅಳೆದ ಎತ್ತರವನ್ನೇ ನಂಬಿ ಬರಹವನ್ನು ಪಟ್ಟಿಯ ನಡುವಿಗೆ ತಂದರೆ, ಹೆಸರು ಬದಲಾದಾಗಲೆಲ್ಲ ಸಾಲು ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುವುದು. ಇಂಗ್ಲಿಷ್ ಬರಹಕ್ಕೆಂದು ಸಿದ್ಧಪಡಿಸಿದ ಮಾದರಿಗಳು ಕನ್ನಡದಲ್ಲಿ ಅಂದಗೆಡುವುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ಪರಿಹಾರ ಸುಲಭ. ‘ಸ್ತ್ರೀ’ ಎಂಬಂತಹ, ಮೇಲೂ ಕೆಳಗೂ ಚಾಚುವ ಪದವೊಂದನ್ನು ಅದೇ ಅಚ್ಚಿನಲ್ಲಿ, ಅದೇ ಗಾತ್ರದಲ್ಲಿ ಬರೆದು ಕಾಣದಂತೆ ಮರೆಮಾಡಬೇಕು. ಎತ್ತರವನ್ನು ಎಂದೆಂದಿಗೂ ಅದರಿಂದಲೇ ಅಳೆಯಬೇಕು. ಅಗಲವನ್ನು ಮಾತ್ರ ನಿಜವಾದ ಹೆಸರಿನಿಂದ.

ಬೆರಳಚ್ಚಿನಂತೆ ಅಕ್ಷರಗಳು ಒಂದೊಂದಾಗಿ ಮೂಡುವ ಆಟವನ್ನು ವಾಚಕರು ಕಂಡಿರಬಹುದು. ಬರಹದ ಮೊದಲ ಸಂಕೇತ, ಮೊದಲ ಎರಡು, ಮೊದಲ ಮೂರು ಎಂದು ಕತ್ತರಿಸಿ ತೋರಿಸುವ ಸೂತ್ರ ಅದು. ಕನ್ನಡಕ್ಕೆ ಅದನ್ನು ಹಾಗೆಯೇ ಹಚ್ಚಿದರೆ ‘ಪ’, ‘ಪೊ’, ‘ಪೊನ’, ‘ಪೊನ್’, ‘ಪೊನ್ನ’ ಎಂದು ಹೆಸರು ತೊದಲುತ್ತದೆ. ಅರ್ಕಾವತ್ತು ಇದ್ದಲ್ಲಂತೂ ಮೊದಲು ಮೂಡಿದ ರಕಾರವು ಮರುಕ್ಷಣವೇ ಮಾಯವಾಗಿ ಮುಂದಿನ ಅಕ್ಷರದ ಬಲಕ್ಕೆ ಹಾರಿ ಕೂರುತ್ತದೆ! ಇದನ್ನು ತಡೆಯಲು ಪದವನ್ನು ಮೊದಲೇ ಅಕ್ಷರಗಳಾಗಿ ಬಿಡಿಸಬೇಕು. ವ್ಯಂಜನದ ಮುಂದೆ ಹಲಂತವೂ ಅದರಾಚೆ ಇನ್ನೊಂದು ವ್ಯಂಜನವೂ ಇದ್ದರೆ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸುವುದು. ಬಳಿಕ ಬರುವ ಸ್ವರಚಿಹ್ನೆಯನ್ನೂ ಅನುಸ್ವಾರ ವಿಸರ್ಗಗಳನ್ನೂ ಅದಕ್ಕೇ ಕೂಡಿಸುವುದು. ಶಾಲೆಯಲ್ಲಿ ಕಲಿತ ಸಂಯುಕ್ತಾಕ್ಷರದ ಪಾಠವೇ ಇಲ್ಲಿ ಯಂತ್ರಕ್ಕೆ ಪಾಠ.

ಕನ್ನಡದ ಊರುಗಳಿಗೆ ಈ ನಿಯಮ ಬಹುಮಟ್ಟಿಗೆ ಸಾಕಾಗುವುದು. ಆದರೆ ಕೊಡಗಿನಲ್ಲಿ ಕೊಡವ ಭಾಷೆಯನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಅದರಲ್ಲಿ ಹಲಂತದಿಂದಲೇ ಮುಗಿಯುವ ಪದಗಳು ಹೇರಳ. ಹಲಂತದ ಮುಂದೆ ವ್ಯಂಜನ ಇದ್ದೇ ತೀರಬೇಕೆಂದು ಸೂತ್ರ ಬರೆದರೆ ಕೊನೆಯ ಹಲಂತಕ್ಕೆ ಗುಂಪಿಲ್ಲದೆ ಅದು ಬಿದ್ದುಹೋಗುತ್ತದೆ. ಮಾತು ಎಂಬ ಅರ್ಥದ ‘ತಕ್ಕ್’ ಎಂಬುದು ‘ತಕ್ಕ’ ಆಗುತ್ತದೆ. ಕೊಡಗಿನಲ್ಲಿ ತಕ್ಕನೆಂದರೆ ಊರಿನ ಮುಖ್ಯಸ್ಥ. ಹಲಂತದ ಮುಂದೆ ವ್ಯಂಜನವಿದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಸೂತ್ರದಲ್ಲಿ ಒಂದೇ ಒಂದು ಚಿಹ್ನೆಯನ್ನು ಹೆಚ್ಚಿಗೆ ಬರೆದರೆ ಆ ಪದ ಪೂರ್ತಿಯಾಗಿ ಮೂಡುತ್ತದೆ.