ಮಗಚಿ ನೋಡಿದರೆ ಸಿಗುವ ಕೊಂಡಿ

ಇಳಕಲ್ ಪೇಟೆಗೆ ಸೀರೆ ಕೊಳ್ಳಲು ಬರುವ ಹಳ್ಳಿಯ ಹಿರಿಯ ಹೆಂಗಸರು ಮೊದಲಿಗೆ ಬಣ್ಣದ ಮಾತೆತ್ತುವುದಿಲ್ಲ. ಸೆರಗು ಒಡಲಿಗೆ ಕೂಡುವ ಜಾಗವನ್ನು ಮಗಚಿ, ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ತಿಕ್ಕುತ್ತಾರೆ. ಬೆರಳಿಗೆ ಒಂದು ಸಣ್ಣ ಏಣು ತಾಗಿದರೆ ಮುಂದೆ ದರದ ಮಾತು. ತಾಗದಿದ್ದರೆ, “ಇದು ಬ್ಯಾಡೋ ತಮ್ಮಾ, ಕೊಂಡಿದು ಇದ್ರ ತೋರ್ಸು.” ಅಂಗಡಿಯವನೂ ಅಷ್ಟೇ, “ಹಂಗ್ಯಾಕ್ರಿ ಯವ್ವಾ, ಐತಿ ತಗೊಳ್ರಿ” ಎನ್ನುತ್ತ ಬೇರೆ ಗಂಟು ಬಿಚ್ಚುತ್ತಾನೆ.

ಆ ಏಣಿನಲ್ಲೇ ಇಳಕಲ್ ಸೀರೆಯ ಗುಟ್ಟಿದೆ. ಸಾಮಾನ್ಯ ಸೀರೆಯಲ್ಲಿ ಹಾಸು ಈ ತುದಿಯಿಂದ ಆ ತುದಿಗೆ ಒಂದೇ. ನೀಲಿ ಹಾಸಿನ ಮೇಲೆ ಕೆಂಪು ಹೊಕ್ಕು ಹಾಯಿಸಿ ಸೆರಗು ನೇಯ್ದರೆ ಎರಡೂ ಬೆರೆತು ನೇರಳೆ ಛಾಯೆ ಬರುತ್ತದೆಯೇ ಹೊರತು ಕೆಂಡದಂಥ ಕೆಂಪು ಬರುವುದಿಲ್ಲ. ಇಳಕಲ್ಲಿನವರಿಗೆ ಆ ಕೆಂಪೇ ಬೇಕು. ಹಾಗಾಗಿ ಅವರು ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು ಮಾಡುತ್ತಾರೆ. ಒಡಲಿನದು ಹೆಚ್ಚಾಗಿ ಹತ್ತಿ. ಸೆರಗು, ದಡಿಗಳದು ರೇಷ್ಮೆ ಅಥವಾ ಕೃತಕ ರೇಷ್ಮೆ. ಒಡಲ ಹಾಸಿನ ಎಳೆ ತುದಿಯಲ್ಲಿ ಮಡಚಿಕೊಂಡು ಕುಣಿಕೆಯಾಗುತ್ತದೆ; ಅದರೊಳಗೆ ಸೆರಗಿನ ಎಳೆಯ ಕುಣಿಕೆ ತೂರುತ್ತದೆ. ಎರಡು ಕೈಗಳ ಕಿರುಬೆರಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಂತೆ. ಇದೇ ಕೊಂಡಿ; ಗಂಟಿಲ್ಲ, ಹೊಲಿಗೆಯಿಲ್ಲ. ಸೀರೆಯ ಅಗಲದುದ್ದಕ್ಕೂ ಸಾವಿರಾರು ಎಳೆಗಳನ್ನು ಹೀಗೆ ಒಂದೊಂದಾಗಿ ಸಿಕ್ಕಿಸಬೇಕು. ಕೈ ಪಳಗಿದವರಿಗೂ ಎರಡು-ಮೂರು ತಾಸಿನ ಕೆಲಸ. ಬಹುಪಾಲು ಮನೆಗಳಲ್ಲಿ ಇದು ಹೆಂಗಸರ ಪಾಲಿಗೇ ಬಂದದ್ದು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುವವನ ಫೋಟೊ ಎಲ್ಲ ಕಡೆ ಅಚ್ಚಾಗುತ್ತದೆ. ಕತ್ತು ಬಗ್ಗಿಸಿ ಕೊಂಡಿ ಹಾಕುವವಳದು ಅಪರೂಪ.

ಇದರ ಬೆಲೆ ಏನೆಂದರೆ, ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಹತ್ತಾರು ಸೀರೆಗೆ ಒಂದೇ ಉದ್ದನೆಯ ಹಾಸು ಸುತ್ತಿಟ್ಟು ನೇಯುತ್ತ ಹೋಗುವ ಸುಖ ಇಲ್ಲಿಲ್ಲ. ಆ ಸುಖ ಇರುವುದು ಪವರ್‌ಲೂಮಿಗೆ. ಅದರ ಸೀರೆಗೂ ಇಳಕಲ್ ಎಂದೇ ಹೆಸರು, ದರ ಮಾತ್ರ ಅಗ್ಗ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಸಂಖ್ಯೆ 76. ಆದರೆ ಪೇಟೆಯಲ್ಲಿ ಸೆರಗು ಮಗಚುವ ಆ ಅವ್ವಂದಿರಷ್ಟು ಕಟ್ಟುನಿಟ್ಟಿನ ತಪಾಸಣೆ ಯಾವ ಮಾನ್ಯತಾಪತ್ರವೂ ಮಾಡಿದಂತಿಲ್ಲ.

ಸೆರಗಿನ ಹೆಸರು ಟೋಪ ತೆನಿ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಕೆಂಪು ಬಿಳಿಯೊಳಗೆ ಹಲ್ಲು ಹಲ್ಲಾಗಿ ಚಾಚಿಕೊಂಡಿರುತ್ತದೆ. ಆ ಹಲ್ಲುಗಳಲ್ಲಿ ಒಬ್ಬರಿಗೆ ಜೋಳದ ತೆನೆ ಕಂಡರೆ ಇನ್ನೊಬ್ಬರಿಗೆ ಹಣಿಗೆ, ಮತ್ತೊಬ್ಬರಿಗೆ ಗುಡ್ಡದ ಸಾಲು. ಕೋಟೆಗೋಡೆಯ ನೆತ್ತಿಯ ಹಲ್ಲುಗಳಿಗೂ ಕನ್ನಡದಲ್ಲಿ ತೆನೆ ಎಂದೇ ಹೆಸರು. ಬದಾಮಿಯ ಕೋಟೆ ನೋಡಿದವರಿಗೂ ಹುನಗುಂದದ ಎರೆಹೊಲ ನೋಡಿದವರಿಗೂ ಒಂದೇ ಮಾತು ಸಾಕಾಯಿತು.

ದಡಿಗಳಲ್ಲಿ ಗೋಮಿ, ಚಿಕ್ಕಿ, ಗಾಡಿ, ಜರಿ, ಈಚಿನದು ಗಾಯತ್ರಿ. ಒಡಲು ಕಡ್ಡಿಯಿರಬಹುದು, ಚೌಕಳಿಯಿರಬಹುದು. ದಾಳಿಂಬೆ ಕೆಂಪು, ನವಿಲ ಹಸಿರು, ಗಿಣಿ ಹಸಿರು ಹಳೆಯ ಮೆಚ್ಚಿನವು. ಎಲ್ಲಕ್ಕಿಂತ ಮಿಗಿಲು ಕಪ್ಪು ಚಂದ್ರಕಾಳಿ. ಅದರ ಮೇಲೆ ಎಳೆ ಎಣಿಸಿ ಕಸೂತಿ ಹಾಕಿದರೆ ತೇರು, ಆನೆ, ತುಳಸಿಕಟ್ಟೆಗಳು ರಾತ್ರಿಯ ದೀಪದಂತೆ ಎದ್ದು ಕಾಣುತ್ತವೆ.

ಉಡುವ ರೀತಿ ಗಟ್ಟಿ ಕೆಲಸದವರದು. ಎಂಟು-ಒಂಬತ್ತು ಗಜದ ಸೀರೆಗೆ ಕಚ್ಚೆ ಹಾಕಿ ಸಿಗಿಸಿದರೆ ಕಳೆ ತೆಗೆಯಲಿಕ್ಕೂ ಬಂಡಿ ಹತ್ತಲಿಕ್ಕೂ ಅಡ್ಡಿಯಿಲ್ಲ. ತಲೆಯ ಮೇಲೆ ಸೆರಗು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ಅದರ ದಡಿ ತೋಳಿನ ಅಂಚಿಗೆ ಬರುವಂತೆ ಹೊಲಿಸಿದ್ದು. ಖಣ ಮುಕ್ಕೋಣವಾಗಿ ಮಡಚಿ ಮಾರುವ ಸಾಮಾನು. ಬನದ ಹುಣ್ಣಿಮೆಗೆ ಬದಾಮಿಯ ಬನಶಂಕರಿ ಜಾತ್ರೆಗೆ ಹೋದವರು ನಾಟಕ ನೋಡಿ, ಖಣ ಹಿಡಿದು ಬರುವುದು ವಾಡಿಕೆ. ಆ ಬನಶಂಕರಿಯೇ ದೇವಾಂಗ ನೇಕಾರರ ಕುಲದೇವತೆ. ಕೃಷ್ಣೆ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಇದೇ ಸೀರೆ ‘ಇರಕಲ್’ ಆಗುತ್ತದೆ, ಅಲ್ಲಿಯ ಹೆಂಗಸರಿಗೆ ಅದು ತಮ್ಮದೇ.

ಇಲ್ಲಿ ಜಾವಾದ ಬಾಟಿಕ್ ನೆನಪಾಗುವುದಕ್ಕೆ ಕಾರಣವಿದೆ. ಬಾಟಿಕ್‌ನವರದು ತದ್ವಿರುದ್ಧ ಹಾದಿ. ಬಟ್ಟೆ ಮೊದಲೇ ನೇಯ್ದಿರುತ್ತದೆ; ತಾಮ್ರದ ಸಣ್ಣ ಕೊಳವೆಯ ‘ಚಾಂತಿಂಗ್’ನಿಂದ ಕಾದ ಮೇಣ ಬಿಟ್ಟು ಗೆರೆ ಎಳೆದು, ಬಣ್ಣದಲ್ಲಿ ಅದ್ದಿ, ಕುದಿಸಿ ಮೇಣ ತೆಗೆಯುತ್ತಾರೆ. ಮೇಣ ಕೂತಲ್ಲಿ ಬಣ್ಣ ಹತ್ತುವುದಿಲ್ಲ. ಆದರೆ ಅವರ ಸರೋಂಗಿನ ‘ಕೆಪಾಲ’ ಎಂಬ ತಲೆಪಟ್ಟಿಯಲ್ಲಿ ‘ತುಂಪಾಲ್’ ಎಂಬ ಹಲ್ಲುಸಾಲಿದೆ. ಮೊದಲ ಸಲ ಕಂಡಾಗ ನನಗೆ ಟೋಪ ತೆನಿಯೇ ಕಣ್ಣಿಗೆ ಬಂತು. ನಂಟು ಹಚ್ಚುವ ಧೈರ್ಯ ನನಗಿಲ್ಲ. ಆದರೂ ಇಳಕಲ್ಲಿನ ನೆರೆಯ ಐಹೊಳೆಯ ಹೆಸರು ಹೊತ್ತ ಐನೂರ್ವರ ವರ್ತಕ ಸಂಘ 1088ರಲ್ಲಿ ಸುಮಾತ್ರಾದ ಬಾರುಸ್‌ನಲ್ಲಿ ತಮಿಳು ಶಾಸನವೊಂದನ್ನು ಹಾಕಿಸಿದೆ ಎಂಬುದನ್ನು ಮರೆಯಲೂ ಆಗುವುದಿಲ್ಲ.

ನಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಕೌದಿಯೊಂದಿದೆ. ನಾಲ್ಕಾರು ಹಳೆಯ ಇಳಕಲ್ ಸೀರೆ ಒಳಗೆ ಸೇರಿವೆ; ಒಡಲು ಒಗೆದೊಗೆದು ಯಾವ ಬಣ್ಣದ್ದೆಂದು ಗೊತ್ತಾಗದಷ್ಟು ಮಾಸಿದೆ, ಒಂದೆರಡು ಕಡೆ ಹಿಂಜಿದೆ. ನಡುವೆ ಒಂದು ಸೆರಗನ್ನು ಅಜ್ಜಿ ಬೇಕೆಂದೇ ಮೇಲಕ್ಕೆ ಕಾಣುವಂತೆ ಇಟ್ಟಿದ್ದಾಳೆ. ಚಳಿಗೆ ಹೊದ್ದಾಗ ಕತ್ತಲಲ್ಲೂ ಬೆರಳಿಗೆ ಆ ಏಣು ಸಿಗುತ್ತದೆ.